ಮೈ ಮನಸ್ಸು ಸೋತಾಗ ಪ್ರಾರ್ಥಿಸುವುದು ಹೇಗೆ

ಬೀದರಿನ ಮೆಥಡಿಸ್ಟ್ ಕ್ರೈಸ್ತರ ಮನೆಗಳಲ್ಲಿ ಕಾಯಿಲೆ ಬಿದ್ದವರಿಗೆ ಮೊದಲು ಸಿಗುವ ಸಲಹೆ ‘ಇನ್ನಷ್ಟು ಪ್ರಾರ್ಥನೆ ಮಾಡು’. ಉದ್ದೇಶ ಒಳ್ಳೆಯದೇ, ಆದರೆ ಸೋತ ಮೈಗೆ ಉದ್ದದ ಪ್ರಾರ್ಥನೆ ಭಾರ. ಚಿಕ್ಕದರಿಂದ ಶುರು ಮಾಡಿ.

ಬೈಬಲಿನಲ್ಲಿ ಕೀರ್ತನೆ 13 ತೆರೆಯಿರಿ. ಇರುವುದು 6 ವಚನ. ಮೊದಲ ಎರಡರಲ್ಲಿ ದೂರು, ‘ಎಷ್ಟರ ವರೆಗೆ’ ಎಂಬ ಕೂಗು. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಇದೇ ಕ್ರಮದಲ್ಲಿ ನಿಮ್ಮ ಮಾತಿನಲ್ಲೇ ಹೇಳಿ: ಏನು ನೋಯುತ್ತಿದೆ, ಏನು ಬೇಕು, ಯಾರನ್ನು ನಂಬಿದ್ದೀರಿ. ಬಹಳ ಜನ ದೂರನ್ನು ನುಂಗಿ ನೇರ ಸ್ತೋತ್ರಕ್ಕೆ ಹೋಗುತ್ತಾರೆ. ಆಗ ಭಯ ಒಳಗೇ ಉಳಿದು ರಾತ್ರಿ ಎದ್ದು ಕೂರಿಸುತ್ತದೆ. ದೇವರ ಮುಂದೆ ಅಳುವುದು ಅಪನಂಬಿಕೆಯಲ್ಲ.

ನಿದ್ದೆ ಬಾರದ ರಾತ್ರಿಗೆ ಕೀರ್ತನೆ 121ರ 8 ವಚನಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ. ಓದಲಾಗದಿದ್ದರೆ ಮನೆಯವರು ಓದಲಿ, ನೀವು ‘ಆಮೆನ್’ ಅಂದರೆ ಸಾಕು.

ಊಟ ಬಿಡಬೇಡಿ. ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಗುಳಿಗೆಯನ್ನೂ ನಿಲ್ಲಿಸಬೇಡಿ, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಉಪವಾಸಕ್ಕೆ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಅಪೊಸ್ತಲ ಪೌಲನು ತನ್ನ ಮೈಯನ್ನು ಕಾಡುತ್ತಿದ್ದ ‘ಮುಳ್ಳು’ ತೆಗೆಯೆಂದು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ, ಕೃಪೆ ಸಿಕ್ಕಿತು. ಆದ್ದರಿಂದ ಗುಣವಾಗದವರಿಗೆ ‘ನಂಬಿಕೆ ಕಡಿಮೆ’ ಎನ್ನುವುದು ಕ್ರೌರ್ಯ.

ಯಾಕೋಬನ ಪತ್ರಿಕೆ 5:14ರಂತೆ ಸಭೆಯ ಹಿರಿಯರನ್ನು ನೀವೇ ಕರೆಸಿ. ಗೊತ್ತಾಗಿ ಬರಲಿ ಎಂದು ಕಾಯಬೇಡಿ. ಬದುಕೇ ಬೇಡವೆನಿಸಿದರೆ ಪಾಸ್ಟರಿಗೆ ಹೇಳಿ, ಜೊತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಅವತ್ತೇ ಫೋನ್ ಮಾಡಿ.