ಹಳೇ ಹಾರ್ಡ್ ಡಿಸ್ಕ್ ಡಿಫ್ರಾಗ್ ಮಾಡೋದು ಹೆಂಗೆ, ಪೈಸೆ ಖರ್ಚಿಲ್ದೆ

ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ನಮ್ ಮಾವಂದು ಮೆಕ್ಕೆಜೋಳದ ದಲಾಲಿ ಅಂಗಡಿ ಐತೆ, ಅಲ್ಲಿರೋ ಕಂಪ್ಯೂಟರು ಹತ್ ವರ್ಷ ಹಳೇದು, 500 ಜಿಬಿ ಹಾರ್ಡ್ ಡಿಸ್ಕು. ಸುಗ್ಗಿ ಟೈಮಲ್ಲಿ ರೈತರು ಪಟ್ಟಿಗೆ ಕಾಯ್ಕೊಂಡು ನಿಂತಿರ್ತಾರೆ, ಹಳೇ ಲೆಕ್ಕ ತೆಗೆಯಕ್ಕೆ ಹೋದ್ರೆ ಸಿಪಿಯು ಒಳಗಿಂದ ಕಟಕಟಕಟ ಅಂತ ಸೌಂಡು, ಸ್ಕ್ರೀನ್ ಹಂಗೇ ನಿಂತ್ಬಿಡೋದು. "ಹೊಸದೇ ತಗಂಡ್ಬಿಡಾನ ಬಿಡಪ್ಪ" ಅಂದ್ರು ಮಾವ. ತಡೀರಿ ಮಾವ, ಒಂದ್ಸಲ ಡಿಫ್ರಾಗ್ ಮಾಡಿ ನೋಡಾನ ಅಂದೆ.

ಡಿಫ್ರಾಗ್ ಅಂದ್ರೆ ಏನು ಅಂತ ಅವ್ರಿಗೆ ಗೋಡೌನ್ ತೋರ್ಸೇ ಹೇಳ್ದೆ. ಒಬ್ಬ ರೈತಂದು 40 ಚೀಲ ಬಂತು ಅನ್ಕೊಳ್ರಿ, ಒಂದೇ ಕಡೆ ಜಾಗ ಇಲ್ಲ, 10 ಚೀಲ ಬಾಗಿಲ ಹತ್ರ, 20 ಮೂಲೇಲಿ, ಉಳಿದಿದ್ದು ಗೋಡೆ ಪಕ್ಕ ಇಟ್ರು, ಲಾರಿಗೆ ಏರ್ಸೋವಾಗ ಹಮಾಲ್ರು ಮೂರೂ ಕಡೆ ಓಡಾಡ್ಬೇಕು. ಹಾರ್ಡ್ ಡಿಸ್ಕಲ್ಲೂ ಇದೇ ಕಥೆ, ಒಂದೇ ಫೈಲು ಚೂರುಚೂರಾಗಿ ಬೇರೆ ಬೇರೆ ಕಡೆ ಕೂತಿರುತ್ತೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಇಲ್ಲಾ 7200 ಸುತ್ತು ತಿರುಗ್ತಿರುತ್ತೆ, ಓದೋ ಹೆಡ್ಡು ಒಂದೊಂದು ಚೂರಿಗೂ ಅಲ್ಲಿಂದಿಲ್ಲಿಗೆ ಹಾರ್ಬೇಕು. ಚೂರುಗಳನ್ನ ಸಾಲಾಗಿ ಒಂದ್ಕಡೆ ಜೋಡ್ಸೋದೇ ಡಿಫ್ರಾಗು.

ಇದನ್ನ ಶುರು ಮಾಡೋಕೆ ಮುಂಚೆ ನಿಮ್ದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿನೋ (ಸಾಲಿಡ್ ಸ್ಟೇಟ್ ಡ್ರೈವ್, ಚಿಪ್ಪಲ್ಲಿ ಫೈಲ್ ಇಡೋ ಥರದ್ದು) ನೋಡ್ಕೊಳ್ರಿ, ದಯವಿಟ್ಟು. ಸ್ಟಾರ್ಟ್ ಒತ್ತಿ ಇಂಗ್ಲಿಷಲ್ಲಿ ಡಿಫ್ರಾಗ್ ಅಂತ ಟೈಪ್ ಮಾಡಿದ್ರೆ ವಿಂಡೋಸ್ ಜೊತೆಗೇ ಬಂದಿರೋ ಆಪ್ಟಿಮೈಜ್ ಡ್ರೈವ್ಸ್ ತೆರೆಯುತ್ತೆ, ವಿಂಡೋಸ್ 10ರಲ್ಲಿ ಮೀಡಿಯಾ ಟೈಪ್ ಅನ್ನೋ ಕಾಲಮ್ಮಲ್ಲಿ ಬರ್ದಿರುತ್ತೆ. ಸಾಲಿಡ್ ಸ್ಟೇಟ್ ಅಂತಿದ್ರೆ ಬಿಟ್ಬಿಡ್ರಿ. ಅದ್ರಲ್ಲಿ ತಿರುಗೋ ತಟ್ಟೆನೂ ಇಲ್ಲ ಹಾರೋ ಹೆಡ್ಡೂ ಇಲ್ಲ, ಡಿಫ್ರಾಗ್ ಮಾಡಿದ್ರೆ ಸುಮ್ನೆ ಬರ್ದು ಬರ್ದು ಅದರ ಆಯಸ್ಸು ಸವೆಯುತ್ತೆ ಅಷ್ಟೇ.

ಎರಡ್ನೇದು, ಡಿಸ್ಕ್ ಗಟ್ಟಿಯಾಗೈತಾ ಅಂತ ನೋಡ್ಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಐತೆ, ನೀಲಿ ಬಣ್ಣದಲ್ಲಿ ಗುಡ್ ಅಂದ್ರೆ ಮುಂದುವರೀರಿ. ಹಳದಿ ಇಲ್ಲಾ ಕೆಂಪು ಬಂದ್ರೆ ಡಿಫ್ರಾಗ್ ಮಾಡ್ಲೇಬೇಡ್ರಿ, ಸಾಯೋ ಡಿಸ್ಕಿಗೆ ಗಂಟೆಗಟ್ಲೆ ಕೆಲಸ ಕೊಟ್ಟಂಗಾಗುತ್ತೆ, ಮೊದ್ಲು ಫೈಲ್ ಎಲ್ಲಾ ಬೇರೆ ಕಡೆ ಕಾಪಿ ಮಾಡ್ಕೊಳ್ರಿ. ಗುಡ್ ಇದ್ರೂ ಲೆಕ್ಕದ ಫೈಲು, ಮನೆ ಫೋಟೋ ಇವುಗಳ ಬ್ಯಾಕಪ್ ಇರ್ಲಿ.

ಆಮೇಲೆ ಜಾಗ. ರೀಸೈಕಲ್ ಬಿನ್ ಖಾಲಿ ಮಾಡಿ, ಡಿಸ್ಕ್ ಕ್ಲೀನಪ್ ಓಡಿಸಿ, ಶೇಕಡಾ 15 ಆದ್ರೂ ಖಾಲಿ ಬಿಡ್ರಿ, ಗೋಡೌನ್ ತುಂಬಾ ಚೀಲ ಇದ್ರೆ ಸರ್ಸೋದೆಲ್ಲಿಗೆ?

ವಿಂಡೋಸ್ ವಾರಕ್ಕೊಂದ್ಸಲ ತಾನೇ ಡಿಫ್ರಾಗ್ ಮಾಡೋ ಥರ ಸೆಟ್ ಆಗಿರುತ್ತೆ, ಆದ್ರೆ ಅಂಗಡಿ ಕಂಪ್ಯೂಟರಿಗೆ ಹಗಲು ಬಿಡುವಿಲ್ಲ, ಸಂಜೆ ಆಫ್, ಹಂಗಾಗಿ ಅದಕ್ಕೆ ಟೈಮೇ ಸಿಗಲ್ಲ. ಆ ಆಪ್ಟಿಮೈಜ್ ಡ್ರೈವ್ಸ್ ವಿಂಡೋಲೇ ಆಪ್ಟಿಮೈಜ್ ಒತ್ತಿದ್ರೆ ಬಹಳ ಜನಕ್ಕೆ ಸಾಕು. ನಾನು ಡಿಫ್ರಾಗ್ಲರ್ ಅನ್ನೋ ಡಿಫ್ರಾಗ್ ಸಾಫ್ಟ್‌ವೇರ್ ಹಾಕ್ದೆ, ಕಂಪ್ಯೂಟರಿನ ಕಸ ತೆಗೆಯೋ ಸಿಕ್ಲೀನರ್ ಮಾಡಿದ ಪಿರಿಫಾರ್ಮ್ ಕಂಪನಿಯವ್ರದ್ದು, ಫ್ರೀ. ಹೊಸ ವರ್ಷನ್ ಬಂದು ವರ್ಷಗಳೇ ಆಗೈತೆ, ಆದ್ರೂ ಹಳೇ ಡಿಸ್ಕಿಗೆ ಚೆನ್ನಾಗೇ ಕೆಲಸ ಮಾಡುತ್ತೆ. ಅವ್ರ ಸೈಟಿಂದಾನೇ ಇಳಿಸ್ಕೊಳ್ರಿ, ಇನ್‌ಸ್ಟಾಲ್ ಆಗೋವಾಗ ಜೊತೆಗೆ ಇನ್ನೇನಾದ್ರೂ ಹಾಕ್ಲಾ ಅಂತ ಕೇಳಿದ್ರೆ ಟಿಕ್ ತೆಗೀರಿ. ಡ್ರೈವ್ ಸೆಲೆಕ್ಟ್ ಮಾಡಿ ಅನಲೈಜ್ ಒತ್ತಿದ್ರೆ ಚೌಕ ಚೌಕವಾಗಿ ನಕ್ಷೆ ಬರುತ್ತೆ, ಬಿಳಿ ಖಾಲಿ ಜಾಗ, ನೀಲಿ ಸರಿಯಾಗಿರೋದು, ಕೆಂಪು ಚೂರಾಗಿರೋದು. ಮಾವನ ಡಿಸ್ಕಲ್ಲಿ ಮೆಣಸಿನಕಾಯಿ ಒಣಗಾಕಿದಂಗೆ ಕೆಂಪು!

ಇದರ ನಿಜವಾದ ಅನುಕೂಲ ಫೈಲ್ ಲಿಸ್ಟ್ ಅನ್ನೋದ್ರಲ್ಲೈತೆ. ಯಾವ ಫೈಲು ಎಷ್ಟು ಚೂರಾಗೈತೆ ಅಂತ ಕಾಣುತ್ತೆ, ಟೈಮ್ ಇಲ್ಲ ಅಂದ್ರೆ ಬೇಕಾದವಕ್ಕೆ ಮಾತ್ರ ಟಿಕ್ ಹಾಕಿ ಅಷ್ಟನ್ನೇ ಡಿಫ್ರಾಗ್ ಮಾಡ್ಬೋದು. ನಾನು ಮೊದ್ಲು ಲೆಕ್ಕದ ಫೈಲುಗಳನ್ನ ಮಾಡ್ದೆ, ಹತ್ ನಿಮಿಷನೂ ಹಿಡೀಲಿಲ್ಲ. ಪೂರ್ತಿ ಡ್ರೈವನ್ನ ಶನಿವಾರ ರಾತ್ರಿ ಹಚ್ಚಿ ಬಂದೆ, ಸ್ಲೀಪ್ ಮೋಡ್ ಆಫ್ ಮಾಡಿ. ಮಧ್ಯ ಕರೆಂಟ್ ಹೋಗೋ ಏರಿಯಾ ಆದ್ರೆ ಯುಪಿಎಸ್ ಇಲ್ದೆ ರಾತ್ರಿಯೆಲ್ಲಾ ಬಿಡ್ಬೇಡ್ರಿ, ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಾಕಿಟ್ಟಿರಿ.

ಸೋಮವಾರ ಮಾವ ಫೋನ್ ಮಾಡಿ ಹೇಳಿದ್ದು ಸ್ಪೀಡ್ ಬಗ್ಗೆ ಅಲ್ಲ, ಆ ಕಟಕಟ ಸೌಂಡು ಕಮ್ಮಿ ಆಗೈತೆ ಅಂತ. ಈಗ ಮೂರ್ ತಿಂಗಳಿಗೊಂದ್ಸಲ ಅನಲೈಜ್ ಒತ್ತಿ ನೋಡ್ತೀನಿ, ಚೂರಾಗಿರೋದು ಶೇಕಡಾ 10ಕ್ಕಿಂತ ಕಮ್ಮಿ ಇದ್ರೆ ಮುಟ್ಟಲ್ಲ.