ಬಣ್ಣ ನಂಬಿ ಕೆಟ್ಟೆ, ಬಾಲದ ಅಡಿ ನೋಡಿ ಗೆದ್ದೆ

ಹೋದ ವಾರ ಅಣ್ಣಿಗೇರಿಯಿಂದ ಕಾಕಾ ಫೋನ್ ಮಾಡಿದರು. 'ತಮ್ಮಾ, ಬಾಲದ ಅಡಿ ಹುರುಪೆ ಒಂದ ಸಾಲ ಐತಿ.' ಕಡು ವಿಷದ ಕಟ್ಟು ಹಾವಿನ ಮರಿ ಅಂತ ನನಗೆ ಅಷ್ಟರಲ್ಲೇ ಗೊತ್ತಾಯಿತು. ಎರಡು ವರ್ಷದ ಹಿಂದೆ ಇದೇ ಕಾಕಾ, 'ಮೂವತ್ತು ವರ್ಷ ಹಾವು ಹಿಡದೇನಿ, ಬಾಲ ನೋಡಿ ಯಾರರೆ ಗುರುತಸ್ತಾರೇನು?' ಅಂದಿದ್ದರು.

ನಾನು ಈ ದಾರಿ ಹಿಡಿದದ್ದು ಒಂದು ತಪ್ಪಿನಿಂದ. ಧಾರವಾಡದ ಒಂದು ಮನೆಯಲ್ಲಿ ಮಕ್ಕಳ ಹಾಸಿಗೆ ಪಕ್ಕ ಮರಿ ಸಿಕ್ಕಿತ್ತು. ಮಂಕು ಕಂದು ಮೈ, ಪಟ್ಟೆ ಕಂಡೂ ಕಾಣದ ಹಾಗೆ. ಕಟ್ಟು ಹಾವಿನಂತೆಯೇ ಕಾಣುವ, ವಿಷವಿಲ್ಲದ ತೋಳ ಹಾವು ಅಂದುಕೊಂಡು, 'ಅಕ್ಕಾರ, ವಿಷ ಇಲ್ಲ, ಹೆದರಬ್ಯಾಡ್ರಿ' ಅಂದೆ. ಜೋರು ಮಳೆ, ಬೆಳಗ್ಗೆ ಬಿಟ್ಟರಾಯಿತು ಅಂತ ಡಬ್ಬಿಯಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಪೊರೆ ಕಳಚಿದೆ. ಮಿರಿಮಿರಿ ಕಪ್ಪು, ಜೋಡಿ ಬಿಳಿ ಗೆರೆ. ಕಟ್ಟು ಹಾವು! ಆ ಮನೆಗೆ ವಾಪಸ್ ಹೋಗಿ ನಿಜ ಹೇಳಿ ಬಂದೆ. ಅವತ್ತಿಂದ ಬಣ್ಣ ನೋಡಿ ಹೆಸರು ಹೇಳಿಲ್ಲ.

ತೋಳ ಹಾವಿನ ಪಟ್ಟೆ ಕುತ್ತಿಗೆ ಹತ್ತಿರದಿಂದ, ಕಟ್ಟು ಹಾವಿನದು ಇನ್ನಷ್ಟು ಹಿಂದಿನಿಂದ ಶುರು ಅನ್ನುವ ಲೆಕ್ಕ ದೊಡ್ಡ ಹಾವಿಗೆ ಸರಿ. ಕಟ್ಟು ಹಾವಿನ ಮರಿಯಲ್ಲಿ ಪಟ್ಟೆ ಕುತ್ತಿಗೆ ಹತ್ತಿರದವರೆಗೂ ಬರಬಹುದು. ತೋಳ ಹಾವಂತೂ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ನಾನು ನೋಡಿದ ಇಪ್ಪತ್ತೈದರಲ್ಲಿ ಬೆಲ್ಲದ ಬಣ್ಣ, ಕಾಫಿಪುಡಿ ಬಣ್ಣ, ಹೆಚ್ಚುಕಮ್ಮಿ ಕಪ್ಪು, ಎಲ್ಲಾ ಇತ್ತು. ಪಟ್ಟೆಯೂ ಕೆಲವದಕ್ಕೆ ಬಿಳಿ, ಕೆಲವದಕ್ಕೆ ಹಳದಿ. ಒಂದೇ ಮರಿಯನ್ನು ಟ್ಯೂಬ್‌ಲೈಟಿನಲ್ಲಿ, ಹಳದಿ ಬಲ್ಬಿನಲ್ಲಿ, ಬಿಸಿಲಲ್ಲಿ ಫೋಟೋ ತೆಗೆದು ಗೆಳೆಯರಿಗೆ ತೋರಿಸಿದೆ. ಮೂರು ಬೇರೆ ಬೇರೆ ಮರಿ ಅಂದರು.

ಬಣ್ಣ ಬಿಟ್ಟು ಹುರುಪೆ ಹತ್ತಿರದಿಂದ ನೋಡಲು ದುಡ್ಡು ಸುಮಾರು ಹೋಯಿತು. ಮೊಬೈಲಿಗೆ ಸಿಕ್ಕಿಸುವ ಲೆನ್ಸ್ ನಾನೂರೋ ಐನೂರೋ, ವಾರದಲ್ಲಿ ಒಡೆಯಿತು. ಎರಡನೆಯದು ಸಾವಿರದ ಇನ್ನೂರು, ಅದು ಈಗಲೂ ಇದೆ. ಯುಎಸ್‌ಬಿ ಮೈಕ್ರೋಸ್ಕೋಪಿಗೆ ಎರಡೂವರೆ ಸಾವಿರ ಸುರಿದೆ. ಮರಿ ಒಂದು ಕ್ಷಣ ನಿಲ್ಲಲ್ಲ, ಫೋಕಸ್ ಎಲ್ಲಿಂದ ಬರಬೇಕು? ಚಾಕಲೇಟ್ ಬರಣಿಯೂ ಆಗಲಿಲ್ಲ, ತಳ ಉಬ್ಬುತಗ್ಗು. ಕೊನೆಗೆ ಕೆಲಸಕ್ಕೆ ಬಂದದ್ದು ನಲವತ್ತು ರೂಪಾಯಿಯ ಡಬ್ಬಿ. ತಳ ಸಪಾಟಾಗಿರಬೇಕು, ಗಾಜಿನಂತೆ ಆರಪಾರ ಕಾಣಬೇಕು.

ಡಬ್ಬಿ ಎತ್ತಿ ಕೆಳಗಿನಿಂದ ಫೋಟೋ ತೆಗೆಯಿರಿ. ತೋಳ ಹಾವಿನ ಬಾಲದ ಅಡಿ ಹುರುಪೆ ಎರಡು ಸಾಲು, ನಡುವೆ ಜಡೆ ಹೆಣೆದ ಹಾಗೆ ಅಂಕುಡೊಂಕು ಗೆರೆ. ಕಟ್ಟು ಹಾವಿಗೆ ತುದಿವರೆಗೂ ಒಂದೇ ಸಾಲು, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ. ಮೇಲಿಂದ ಬೆನ್ನಿನ ನಡುಸಾಲನ್ನೂ ನೋಡಿ: ಕಟ್ಟು ಹಾವಿಗೆ ಅಲ್ಲಿ ಹುರುಪೆ ದೊಡ್ಡದು, ಆರು ಮೂಲೆ. ಎರಡೂ ಹೊಂದಿದರೆ ಮಾತ್ರ ನಾನು ಬಾಯಿಬಿಡುತ್ತೇನೆ. ಮರಿಯನ್ನು ಅಂಗಾತ ಮಾಡಲು ಕೈ ಹಾಕಲೇಬೇಡಿ. ಅದು ತಾನಾಗಿ ಡಬ್ಬಿ ಗೋಡೆ ಹತ್ತಿ ಹೊಟ್ಟೆ ತೋರಿಸುವಂತೆ ಮಾಡುವ ಒಂದು ಉಪಾಯ ಇದೆ, ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಎರಡು ಸಾಲು ಅಂದರೆ ವಿಷ ಇಲ್ಲ ಅಂತಲ್ಲ. ನಾಗರಹಾವಿಗೂ ಕೊಳಕುಮಂಡಲಕ್ಕೂ ಎರಡೇ ಸಾಲು. ಈ ಲೆಕ್ಕ ಕಟ್ಟು ಹಾವೋ ತೋಳ ಹಾವೋ ಅನ್ನುವ ಜಗಳಕ್ಕಷ್ಟೇ.

ಈಗ ಪೊರೆಗಳ ಮೇಲೆ ನೋಡುತ್ತಿದ್ದೇನೆ. ಪೊರೆಯಲ್ಲಿ ಬಣ್ಣ ಅಷ್ಟಾಗಿ ಉಳಿಯಲ್ಲ, ಹುರುಪೆ ಅಚ್ಚು ಹಾಗೇ ಇರುತ್ತದೆ. ಜನ ತಂದುಕೊಟ್ಟ ಒಂಬತ್ತರಲ್ಲಿ ಏಳನ್ನು ಹಾವು ನೋಡದೇ ಗುರುತಿಸಿದೆ. ಉಳಿದೆರಡರ ಬಾಲ ಹರಿದಿತ್ತು.