ಕೋರೆ ಕಾಂಟ್ರಾಕ್ಟಿಗೆ ಕೊಟ್ಟಾಗ ನಾನು ಕರಾರು ಬರೆಸಿದ್ದು ಹೀಗೆ

ಕಾರ್ಕಳ ಕಡೆ ನನ್ನ ಹೆಸರಲ್ಲಿ ಒಂದು ಕಪ್ಪು ಕಲ್ಲಿನ ಕೋರೆಯ ಲೀಸ್ ಇದೆ. ಕೆಲವು ವರ್ಷಗಳ ಹಿಂದೆ ಕಲ್ಲು ಒಡೆಸಿ ಕ್ರಷರಿಗೆ ಸಾಗಿಸುವ ಕೆಲಸ ಪೂರ್ತಿ ಒಬ್ಬ ಕಾಂಟ್ರಾಕ್ಟರಿಗೆ ವಹಿಸಿದೆ. "ಏನಾದರೂ ಅವನೇ ಜವಾಬ್ದಾರಿ ಅಂತ ಸ್ಟಾಂಪ್ ಪೇಪರಲ್ಲಿ ಬರೆಸಿಬಿಡಿ ಮಾರಾಯ್ರೆ, ಮತ್ತೆ ತಲೆಬಿಸಿ ಇಲ್ಲ" ಅಂತ ಎಲ್ಲರೂ ಹೇಳಿದರು.

ಉಡುಪಿಯ ವಕೀಲರು ನಕ್ಕರು. ಆಗ ಇದ್ದದ್ದು 1952ರ ಗಣಿ ಕಾಯ್ದೆ. ಅದರ 2ನೇ ಸೆಕ್ಷನ್ ಪ್ರಕಾರ ಕಾಂಟ್ರಾಕ್ಟರನೂ ಮಾಲೀಕನಷ್ಟೇ ಹೊಣೆಗಾರ, ಹಾಗಂತ ಮಾಲೀಕ ಬಚಾವಾಗುವುದಿಲ್ಲ. ಬರೀ ರಾಯಧನವೋ ಬಾಡಿಗೆಯೋ ಪಡೆಯುವ ಜಾಗದ ಧಣಿಗೆ ವಿನಾಯಿತಿ ಉಂಟು, ಲೀಸ್ ಇರುವವನಿಗೆ ಇಲ್ಲ. (ಕೆಂಪು ಕಲ್ಲಿನವರ ಕಥೆ ಬೇರೆ. 6 ಮೀಟರ್ ಮೀರದ ಆಳ, 50 ಮೀರದ ಜನ, ಸ್ಫೋಟಕವೂ ಇಲ್ಲ ಅಂದರೆ ಆ ಕಾಯ್ದೆಯ ಹೆಚ್ಚಿನ ಭಾಗ ಅವರಿಗೆ ತಾಗುತ್ತಿರಲಿಲ್ಲ. ನಮ್ಮಲ್ಲಿ ಬ್ಲಾಸ್ಟ್ ಮಾಡದೆ ಕಲ್ಲು ಬರಬೇಕಲ್ವಾ?)

ಹಾಗಾಗಿ ತಪ್ಪಿಸಿಕೊಳ್ಳುವ ಸಾಲು ಬಿಟ್ಟು, ಹಿಡಿತ ನನ್ನ ಕೈಯಲ್ಲಿ ಉಳಿಯುವ ಸಾಲು ಬರೆಸಿದೆ. ಮುಖ್ಯವಾದದ್ದು ಮ್ಯಾನೇಜರ್. ಸರ್ಟಿಫಿಕೇಟ್ ಇರುವವರನ್ನು ನಾನೇ ನೇಮಿಸಿದೆ, ಸಂಬಳವೂ ನನ್ನದೇ. ಅಪಾಯ ಕಂಡರೆ ಕೆಲಸ ನಿಲ್ಲಿಸಬೇಕಾದವನು ಕಾಂಟ್ರಾಕ್ಟರನ ಸಂಬಳ ತಿಂದರೆ ನಿಲ್ಲಿಸುತ್ತಾನಾ? ಮ್ಯಾನೇಜರ್ ನಿಲ್ಲಿಸಿ ಅಂದರೆ ನಿಲ್ಲಿಸಬೇಕು, ತಪ್ಪಿಹೋದ ಲೋಡಿನ ದುಡ್ಡು ನನ್ನ ಹತ್ತಿರ ಕೇಳುವಂತಿಲ್ಲ ಅಂತ ಸ್ಪಷ್ಟವಾಗಿ ಹಾಕಿಸಿದೆ. ಒಮ್ಮೆ ಮಳೆ ಬಿದ್ದ ಮೇಲೆ ಮೇಲಿನ ಅಂಚಲ್ಲಿ ಒಂದು ಬಂಡೆ ಸಡಿಲವಾಗಿ ಕೂತಿತ್ತು, ಕೆಳಗೆ ಇಟಾಚಿ (ಅಗೆಯುವ ಯಂತ್ರ) ನಿಂತಿತ್ತು, ಆ ದಿನ ಈ ಸಾಲು ಕೆಲಸಕ್ಕೆ ಬಂತು. ಕಾಂಟ್ರಾಕ್ಟರ್ ಬೈದ, ಆದರೆ ಇಟಾಚಿ ಹಿಂದೆ ತೆಗೆದ.

ಇನ್ನೊಂದು ಪರಿಹಾರದ ವಿಷಯ. ಆಗಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಾಂಟ್ರಾಕ್ಟರನ ಆಳಿಗೆ ಪೆಟ್ಟಾದರೂ ಕೆಲಸ ಕೊಟ್ಟವನ ಹತ್ತಿರವೇ ಪರಿಹಾರ ಕೇಳಬಹುದಿತ್ತು. ಕೊಟ್ಟದ್ದನ್ನು ಆಮೇಲೆ ಕಾಂಟ್ರಾಕ್ಟರನಿಂದ ವಸೂಲಿ ಮಾಡಬಹುದಿತ್ತು ನಿಜ, ಅವನ ಹತ್ತಿರ ದುಡ್ಡಿದ್ದರೆ! ಅದಕ್ಕೇ ಅವನ ಆಳುಗಳೂ ಸೇರುವಂತೆ ಇನ್ಶೂರೆನ್ಸ್ ಮಾಡಿಸಿ, ಹಾಜರಿ ಪುಸ್ತಕದ ಪ್ರತಿ ವಾರ ವಾರ ತರಿಸಿಕೊಳ್ಳುತ್ತಿದ್ದೆ. ಈಗ ಈ ಹಳೆ ಕಾಯ್ದೆಗಳ ಬದಲಿಗೆ ಲೇಬರ್ ಕೋಡ್‌ಗಳು (ಹೊಸ ಕಾರ್ಮಿಕ ಕಾನೂನುಗಳು) ಬಂದಿವೆ, ಹೊಸದಾಗಿ ಬರೆಸುವವರು ಸೆಕ್ಷನ್ ನಂಬರೆಲ್ಲ ವಕೀಲರಿಗೆ ತೋರಿಸಿಯೇ ಬರೆಸಿ.

ಚೌಕಾಶಿ ಜಾಸ್ತಿ ಆದದ್ದು ಬೇಲಿಗೆ. ಮಳೆಗಾಲದಲ್ಲಿ ಅವನು ಮಿಷನ್ ಎತ್ತಿಕೊಂಡು ಹೋಗುತ್ತಾನೆ, ಗುಂಡಿಯಲ್ಲಿ ನೀರು ತುಂಬುತ್ತದೆ, ಮಕ್ಕಳು ಈಜಲು ಬರುತ್ತಾರೆ. ಬೇಲಿ, ಬೋರ್ಡ್, ಕಾವಲಿನವನು, ಮೂರೂ ಅವನದೇ ಖರ್ಚು ಅಂದೆ. ಒಪ್ಪಲಿಲ್ಲ. ಕೊನೆಗೆ ಲೋಡಿನ ರೇಟು ಸ್ವಲ್ಪ ಏರಿಸಿ ಕೊಟ್ಟೆ, ಸಹಿ ಹಾಕಿದ.